ಬಳುವಳಿಯ ಕೋಟೆ

ಅಫಜಲಪುರ ಸೀಮೆಯ ಕರಜಗಿಯಲ್ಲಿ ನಿಂತವನಿಗೆ ಪೂರ್ವಕ್ಕೆ ಕಲಬುರಗಿ, ವಾಯವ್ಯಕ್ಕೆ ಸೊಲ್ಲಾಪುರ, ಹೊಳೆ ದಾಟಿ ನೈಋತ್ಯಕ್ಕೆ ನಡೆದರೆ ಬಿಜಾಪುರ. ನಡುವೆ ಇರುವುದೆಲ್ಲ ಎರೆಭೂಮಿ, ಹಿಂಗಾರಿ ಜೋಳ, ಭೀಮೆಯ ತಿರುವುಗಳು. ಬೆಟ್ಟವಿಲ್ಲ, ಕಣಿವೆಯಿಲ್ಲ, ಅಡವಿಯಿಲ್ಲ. ಇಂಥ ಬಯಲಿನಲ್ಲಿ ಒಂದು ರಾಜ್ಯಕ್ಕೂ ಇನ್ನೊಂದು ರಾಜ್ಯಕ್ಕೂ ನಡುವೆ ಗಡಿಯೆಂದು ತೋರಿಸಲು ಪ್ರಕೃತಿ ಏನನ್ನೂ ಇಟ್ಟಿಲ್ಲ. ಆದ್ದರಿಂದ ಇಲ್ಲಿಯ ಅರಸರು ಗಡಿಯನ್ನು ಎರಡು ಬಗೆಯಲ್ಲಿ ಹಾಕಿಕೊಂಡರು: ದಂಡು ತಂದು, ಇಲ್ಲವೇ ಹೆಣ್ಣು ತಂದು. ಬಹಮನಿಗಳ ಕಾಲದಿಂದ ಔರಂಗಜೇಬನವರೆಗೆ ಸುಮಾರು ಮುನ್ನೂರು ವರ್ಷ ಈ ಬಯಲಿನಲ್ಲಿ ನಡೆದ ದೊಡ್ಡ ಮದುವೆಗಳಲ್ಲಿ ಒಂದರಲ್ಲಾದರೂ ಹುಡುಗಿಯ ಮನಸ್ಸನ್ನು ಯಾರೂ ಕೇಳಿದಂತಿಲ್ಲ. ಕೋಟೆಯ ಲೆಕ್ಕವನ್ನು ಮಾತ್ರ ಪೈಸೆ ಬಿಡದೆ ಕೇಳಿದರು.

ಈ ಮದುವೆಗಳ ಸುದ್ದಿ ನಮಗೆ ಬಹುಮಟ್ಟಿಗೆ ಒಬ್ಬನ ಲೇಖನಿಯಿಂದ ಬಂದದ್ದು. ಅವನು ಮಹಮ್ಮದ್ ಖಾಸಿಂ ಫೆರಿಷ್ಟಾ. ಕಾಸ್ಪಿಯನ್ ದಂಡೆಯ ಅಸ್ತರಾಬಾದಿನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ತಂದೆಯ ಜೊತೆ ಅಹಮದನಗರಕ್ಕೆ ಬಂದು, 1589ರಲ್ಲಿ ಅಲ್ಲಿಯ ಅರಮನೆ ರಕ್ತದಲ್ಲಿ ಮುಳುಗಿದಾಗ ಜೀವ ಉಳಿಸಿಕೊಂಡು ಬಿಜಾಪುರ ಸೇರಿ, ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ಪಾರ್ಸಿಯಲ್ಲಿ ಇತಿಹಾಸ ಬರೆದ. ಕಥೆ ಹೇಳುವ ಚಪಲ ಅವನಿಗೆ ಬಹಳ. ಅವನು ಕೊಡುವ ದಂಡಿನ ಎಣಿಕೆಯನ್ನು ಅರ್ಧಕ್ಕೆ ಇಳಿಸಿ ಓದಬೇಕು. ಅವನು ಹೇಳುವ ಮನೆತನದ ಜಗಳಗಳನ್ನು ಮಾತ್ರ ಕಿವಿಗೊಟ್ಟು ಕೇಳಬೇಕು. ಅರಮನೆಯ ಒಳಮಾತು ಅವನಿಗೆ ಗೊತ್ತಿತ್ತು.

ಮೊದಲ ಮದುವೆ ಅವನಿಗಿಂತ ಇನ್ನೂರು ವರ್ಷ ಹಿಂದಿನದು. ಕಲಬುರಗಿಯಲ್ಲಿ 1397ರಿಂದ ಆಳುತ್ತಿದ್ದವನು ಫಿರೋಜ್ ಷಾ ಬಹಮನಿ. ನಕ್ಷತ್ರಶಾಸ್ತ್ರ ಬಲ್ಲವನು, ಅನೇಕ ಭಾಷೆ ಆಡುವವನು, ಅಂತಃಪುರದಲ್ಲಿ ಒಬ್ಬೊಬ್ಬಳ ಜೊತೆ ಅವಳವಳ ಮಾತಿನಲ್ಲೇ ಮಾತಾಡುವವನು ಎಂದು ಹೆಸರು. ಜೇವರ್ಗಿಯ ದಾರಿಯಲ್ಲಿ, ಭೀಮೆ ಬಾಗುವ ಜಾಗದಲ್ಲಿ, ಒಂದು ಕಡೆ ಹೊಳೆಯನ್ನೂ ಉಳಿದ ಮೂರು ಕಡೆ ಗೋಡೆಯನ್ನೂ ಕಾವಲಿಟ್ಟು ಫಿರೋಜಾಬಾದ್ ಎಂಬ ಊರನ್ನು ಕಟ್ಟಿಸಿದವನು ಇವನೇ. ಆ ಗೋಡೆಗಳು ಈಗಲೂ ನಿಂತಿವೆ. ಅತ್ತ ವಿಜಯನಗರದಲ್ಲಿ 1406ರಲ್ಲಿ ಪಟ್ಟವೇರಿದವನು ಒಂದನೆಯ ದೇವರಾಯ.

ಜಗಳ ಹುಟ್ಟಿದ್ದು ಮುದಗಲ್ಲಿನ ಒಬ್ಬ ಅಕ್ಕಸಾಲಿಗನ ಮನೆಯಲ್ಲಿ ಎಂದು ಫೆರಿಷ್ಟಾ ಹೇಳುತ್ತಾನೆ. ಕಾಶಿಯಿಂದ ಮರಳುತ್ತಿದ್ದ ಬ್ರಾಹ್ಮಣನೊಬ್ಬ ಆ ಮನೆಯಲ್ಲಿ ಇಳಿದುಕೊಂಡು, ಪರ್ತಾಲ್ ಎಂಬ ಮಗಳ ರೂಪವನ್ನೂ ಹಾಡನ್ನೂ ಕಂಡು ಬೆರಗಾಗಿ, ಅದನ್ನು ದೇವರಾಯನ ಕಿವಿಗೆ ಹಾಕಿದ. ರಾಯ ಆಭರಣ ಕಳಿಸಿದ. ತಂದೆತಾಯಿಗೆ ಹಿಗ್ಗು, ಹುಡುಗಿ ಒಪ್ಪಲಿಲ್ಲ: ಆ ಅರಮನೆಯ ಬಾಗಿಲು ಹೊಕ್ಕವಳು ತನ್ನವರ ಮುಖವನ್ನು ಮತ್ತೆ ಕಾಣುವುದಿಲ್ಲ ಎಂಬುದು ಅವಳ ಭಯ. ಕೊನೆಗೆ ರಾಯನ ಕುದುರೆ ದಂಡು ಮುದಗಲ್ಲಿಗೆ ನುಗ್ಗಿತು. ಅಷ್ಟರಲ್ಲಿ ಊರವರ ಜೊತೆ ಅಕ್ಕಸಾಲಿಗನ ಸಂಸಾರವೂ ಓಡಿಹೋಗಿತ್ತು. ಸಿಟ್ಟಿಗೆದ್ದ ದಂಡು ಸೀಮೆಯನ್ನು ಸುಲಿಯಿತು. ಸುಲಿದದ್ದು ಬಹಮನಿ ಸೀಮೆಯಾದ್ದರಿಂದ ಫಿರೋಜನಿಗೆ ಯುದ್ಧಕ್ಕೆ ಕಾರಣ ಸಿಕ್ಕಿತು. ಅವನು ವಿಜಯನಗರದ ಬಾಗಿಲಿಗೇ ದಂಡು ಒಯ್ದ. ಕೈಗೆ ಬಾಣದ ಗಾಯವಾಯಿತು, ಬಟ್ಟೆ ಕಟ್ಟಿಕೊಂಡು ಕಾದಿದ. ಅತ್ತ ಅವನ ಸೈನ್ಯ ಬಂಕಾಪುರವನ್ನು ಹಿಡಿಯಿತು.

ಒಪ್ಪಂದದ ಪಟ್ಟಿಯನ್ನು ಓದಿದರೆ ಅದು ಲಗ್ನಪತ್ರಿಕೆಯೋ ದಂಡದ ಚೀಟಿಯೋ ತಿಳಿಯದು. ಹತ್ತು ಲಕ್ಷ ಹೊನ್ನು, ಐದು ಮಣ ಮುತ್ತು, ಐವತ್ತು ಆನೆ, ಹಾಡಲು ಕುಣಿಯಲು ಎರಡು ಸಾವಿರ ಹುಡುಗ ಹುಡುಗಿಯರು, ಬಳುವಳಿಯಾಗಿ ಬಂಕಾಪುರದ ಕೋಟೆ, ಇವುಗಳ ಜೊತೆಗೆ ರಾಯನ ಮಗಳು. ನಲವತ್ತು ದಿನ ಮದುವೆ ನಡೆಯಿತಂತೆ. ಸುಲ್ತಾನನ ಬಿಡಾರದಿಂದ ವಿಜಯನಗರದವರೆಗಿನ ದಾರಿಯ ಎರಡು ಬದಿಗೂ ಅಂಗಡಿ ಸಾಲು, ಬೊಂಬೆಯಾಟ, ಹೂವಿನವರು, ಹಾಡುವವರು. ಮದುವೆಯಾದ ಮೇಲೆ ಅಳಿಯ ಮಗಳ ಜೊತೆ ಮಾವನ ಮನೆಗೆ ಹೊರಟ. ಊರಬಾಗಿಲಿಂದ ಅರಮನೆಯ ತನಕ ಜರತಾರಿ, ಮಖಮಲ್ಲು, ಪೀತಾಂಬರ ಹಾಸಿದ್ದರು. ಮಾವ ಅಳಿಯ ಇಬ್ಬರೂ ಜೊತೆಜೊತೆಯಾಗಿ ಕುದುರೆಯ ಮೇಲೆ ಬಂದರು; ಹಾದಿಯುದ್ದಕ್ಕೂ ಬಂಗಾರದ ಹೂವು ತೂರಿದರು. ಮೂರು ದಿನ ಉಪಚಾರ. ಹೊರಡುವ ದಿನ ದೇವರಾಯ ನಾಲ್ಕು ಮೈಲಿ ಬಂದು, ಅಲ್ಲಿಂದ ತಿರುಗಿದ.

ಬಿಡಾರದ ತನಕ ಬರಬೇಕಾಗಿತ್ತು ಎಂಬುದು ಅಳಿಯನ ಎಣಿಕೆ. ಇದಕ್ಕೆ ಪ್ರತಿ ತೀರಿಸದೆ ಬಿಡೆನೆಂದು ಫಿರೋಜ್ ತನ್ನ ಮಂತ್ರಿ ಮೀರ್ ಫಜಲುಲ್ಲಾ ಇಂಜೂವಿನ ಮುಂದೆ ಮಾತಾಡಿದ. ಆ ಮಾತು ರಾಯನಿಗೂ ಮುಟ್ಟಿತು, ಅವನೂ ಏನೋ ಆಡಿದ. ಹತ್ತು ಲಕ್ಷ ಹೊನ್ನು, ಐವತ್ತು ಆನೆ, ಒಬ್ಬ ಮಗಳು ಎಲ್ಲವನ್ನೂ ಕೊಟ್ಟು ಕೊಂಡ ಸಂಬಂಧ, ಬೀಗರನ್ನು ಕಳಿಸಿಕೊಡುವ ದಾರಿಯಲ್ಲಿ ಮುರಿದುಬಿತ್ತು. ನಮ್ಮ ಕಡೆಯ ಮದುವೆಗಳಲ್ಲಿ ಊಟಕ್ಕಿಂತ ಹೆಚ್ಚಿನ ಜಗಳ ನಡೆಯುವುದು ಬರಮಾಡುವಾಗ, ಕಳಿಸುವಾಗ ಎಂಬುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ವಿಜಯನಗರದ ಶಾಸನಗಳು ಈ ಮದುವೆಯ ಸುದ್ದಿಯನ್ನು ಎತ್ತುವುದಿಲ್ಲ. ಸೋತವನು ಹೆಣ್ಣು ಕೊಟ್ಟದ್ದನ್ನು ಕಲ್ಲಿನಲ್ಲಿ ಕೊರೆಸುವುದೂ ಇಲ್ಲ.

ರಾಯನ ಮಗಳ ಹೆಸರನ್ನು ಫೆರಿಷ್ಟಾ ಬರೆದಿಲ್ಲ. ಅಕ್ಕಸಾಲಿಗನ ಮಗಳ ಗತಿಯನ್ನು ಬರೆದಿದ್ದಾನೆ. ಫಿರೋಜ್ ಅವಳನ್ನು ಕರೆಸಿದ. ತನ್ನ ವಯಸ್ಸಿಗೆ ಈ ಹುಡುಗಿ ಸಲ್ಲಳೆಂದು ಮಗ ಹಸನ್ ಖಾನನಿಗೆ ಕೊಟ್ಟು ಮದುವೆ ಮಾಡಿದ. ತಂದೆತಾಯಿಗೆ ಹಣವನ್ನೂ ಊರನ್ನೂ ಕೊಟ್ಟ. ಈ ಹಸನ್ ಖಾನ್ ಮುಂದೆ ಅರಸನಾಗಲಿಲ್ಲ. ಫಿರೋಜ್ ಪಾನಗಲ್ಲಿನಲ್ಲಿ ವಿಜಯನಗರದವರ ಕೈಯಲ್ಲಿ ಸೋತು ಜರ್ಝರಿತನಾದ. 1422ರಲ್ಲಿ ತಮ್ಮ ಅಹಮದ್ ಪಟ್ಟಕ್ಕೇರಿದ. ಕಲಬುರಗಿಗೆ ಬಂದು ನೆಲೆಸಿದ್ದ ಸಂತ ಬಂದೇ ನವಾಜ್ ಗೇಸುದರಾಜರ ಒಲವೂ ಮಗನ ಕಡೆಗಿರಲಿಲ್ಲ, ತಮ್ಮನ ಕಡೆಗಿತ್ತು. ಹಸನ್ ಖಾನನಿಗೆ ಚಿಕ್ಕಪ್ಪ ಫಿರೋಜಾಬಾದಿನ ಅರಮನೆ, ಒಂದು ಜಹಗೀರು, ಸುತ್ತ ಎಂಟು ಮೈಲಿಯೊಳಗೆ ಬೇಟೆಯಾಡುವ ಅಪ್ಪಣೆ, ಇಷ್ಟನ್ನು ಕೊಟ್ಟ. ಅವನೂ ಅದರಲ್ಲೇ ಸುಖಪಟ್ಟ. ಚಿಕ್ಕಪ್ಪ ಸತ್ತ ಮೇಲೆ ಕಣ್ಣು ಕೀಳಿಸಿ ಅದೇ ಅರಮನೆಯಲ್ಲಿ ಕೂಡಿಹಾಕಿದರು. ಪರ್ತಾಲ್ ಆಗ ಬದುಕಿದ್ದಳೇ ಎಂಬ ಪ್ರಶ್ನೆಯನ್ನು ಚರಿತ್ರಕಾರ ಹಾಕಿಕೊಳ್ಳಲೇ ಇಲ್ಲ. ಅವಳಿಗಾಗಿ ಹೊತ್ತಿದ ಯುದ್ಧದ ಬಗ್ಗೆ ಪುಟಗಟ್ಟಲೆ ಬರೆದವನಿಗೆ ಅವಳ ಸಾವಿಗೆ ಒಂದು ಸಾಲು ಸಿಗಲಿಲ್ಲ.

ಬಹಮನಿ ರಾಜ್ಯ ಒಡೆದು ಐದಾಯಿತು. ಬಿಜಾಪುರದಲ್ಲಿ ಯೂಸುಫ್ ಆದಿಲ್ ಖಾನ್ ತಳವೂರಿದ. ಮರಾಠ ನಾಯಕ ಮುಕುಂದರಾಯನನ್ನು ಸೋಲಿಸಿ, ರಾಜಿಯ ಗುರುತಾಗಿ ಅವನ ತಂಗಿಯನ್ನು ಲಗ್ನವಾದ. ಅವಳಿಗೆ ಬೂಬೂಜಿ ಖಾನಂ ಎಂದು ಹೊಸ ಹೆಸರಾಯಿತು. ಇದೂ ರಾಜಕಾರಣದ ಮದುವೆಯೇ. ಆದರೆ ಆದಿಲಶಾಹಿ ಮನೆತನ ಇನ್ನೂರು ವರ್ಷ ಉಳಿದದ್ದಕ್ಕೆ ಈ ಹೆಣ್ಣಿಗೆ ಋಣಿಯಾಗಿರಬೇಕು.

1510ರಲ್ಲಿ ಯೂಸುಫ್ ತೀರಿಕೊಂಡಾಗ ಮಗ ಇಸ್ಮಾಯಿಲ್ ಇನ್ನೂ ಹುಡುಗ. ಆಡಳಿತ ಕಮಾಲ್ ಖಾನನ ಕೈಗೆ ಹೋಯಿತು. ಅವನು ಸಿಂಹಾಸನವನ್ನೇ ನುಂಗಲು ಹೊಂಚು ಹಾಕಿದ. ಬೂಬೂಜಿ ಸುಮ್ಮನೆ ಕೂಡಲಿಲ್ಲ. ಮಗನ ಸಾಕುತಂದೆ ಯೂಸುಫ್ ತುರ್ಕನನ್ನು ಕಮಾಲನಿಗೆ ಭೇಟಿ ಕೊಡುವ ನೆವದಲ್ಲಿ ಕಳಿಸಿದಳು. ತಾಂಬೂಲ ತೆಗೆದುಕೊಳ್ಳಲು ಕೈ ಚಾಚಿದ ಹೊತ್ತಿಗೆ ತುರ್ಕ ಕಠಾರಿಯಿಂದ ಇರಿದು ಕೊಂದ, ತಾನೂ ಅಲ್ಲೇ ಸತ್ತ. ಕಮಾಲನ ತಾಯಿಯೂ ಕಡಿಮೆಯವಳಲ್ಲ. ಮಗ ಸತ್ತ ಸುದ್ದಿ ಹೊರಗೆ ಹೋದರೆ ಎಲ್ಲ ಮುಗಿಯುತ್ತದೆಂದು ಹೆಣವನ್ನು ಬದುಕಿರುವವನಂತೆ ದಿಂಬಿಗೆ ಒರಗಿಸಿ ಕೂಡಿಸಿ, ಮೊಮ್ಮಗ ಸಫ್ದರ್ ಖಾನನನ್ನು ಅರಮನೆಯ ಮೇಲೆ ಬಿಟ್ಟಳು. ಅರಮನೆಯೊಳಗೆ ಕಾವಲಿನವರು ಬೆರಳೆಣಿಕೆ. ಬೂಬೂಜಿಯೂ, ಇಸ್ಮಾಯಿಲನ ಸೋದರತ್ತೆಯಂತಿದ್ದ ದಿಲ್‌ಷಾದ್ ಆಗಾ ಎಂಬಾಕೆಯೂ ಗಂಡುಡುಗೆ ತೊಟ್ಟು, ಕವಚ ಕಟ್ಟಿ, ಬಿಲ್ಲು ಹಿಡಿದು ಮಾಳಿಗೆ ಹತ್ತಿದರು. ಬಾಗಿಲು ಒಡೆದು ಒಳಬಂದ ಸಫ್ದರನ ಕಣ್ಣಿಗೆ ಬಾಣ ನೆಟ್ಟಿತು. ಅವನು ನೋವಿನಲ್ಲಿ ಗೋಡೆಯ ಮರೆಗೆ ಸರಿದ. ಆ ಗೋಡೆಯ ಮೇಲೇ ಇಸ್ಮಾಯಿಲ್ ನಿಂತಿದ್ದ. ತಾಯಿ ಕಣ್ಸನ್ನೆ ಮಾಡಿದಳು. ಹುಡುಗ ಮೇಲಿದ್ದ ದೊಡ್ಡ ಕಲ್ಲನ್ನು ಉರುಳಿಸಿದ. ಅಲ್ಲಿಗೆ ಬಂಡಾಯ ಮುಗಿಯಿತು.

ಬೂಬೂಜಿಗೆ ಮಗನ ಜೊತೆ ಮೂವರು ಹೆಣ್ಣುಮಕ್ಕಳು. ಮೂವರೂ ಮೂರು ಅರಸು ಮನೆಗಳಿಗೆ ಹೋದರು. ಬೀಬಿ ಸತಿ ಬಹಮನಿ ರಾಜಕುಮಾರನಿಗೆ, ಖದೀಜಾ ಬೇರಾರಿನ ಅಲಾವುದ್ದೀನ್ ಇಮಾದಶಾಹನಿಗೆ, ಮರಿಯಂ ಅಹಮದನಗರದ ಬುರ್ಹಾನ್ ನಿಜಾಮಶಾಹನಿಗೆ. ಮೊದಲಿನವಳ ಲಗ್ನ ಕಲಬುರಗಿಯಲ್ಲೇ ವೈಭವದಿಂದ ನಡೆಯಿತು. ಆದರೆ ಬಹಮನಿ ಎಂಬುದು ಆಗ ಬರೀ ಹೆಸರು, ಆ ಸಂಬಂಧದಿಂದ ಯಾರಿಗೂ ಏನೂ ಸಿಗಲಿಲ್ಲ. ನಮ್ಮ ಕಥೆ ಮರಿಯಂಳದು.

1523ರಲ್ಲಿ ಇಸ್ಮಾಯಿಲನೂ ಬುರ್ಹಾನನೂ ಸೊಲ್ಲಾಪುರದಲ್ಲಿ ಸೇರಿದರು. ಬಿಜಾಪುರದ ಕಡೆಯಿಂದ ಬೆಳಗಾವಿಯ ಅಸದ್ ಖಾನ್ ಲಾರಿ, ಅಹಮದನಗರದ ಕಡೆಯಿಂದ ಷಾ ತಾಹಿರ್ ಮಧ್ಯಸ್ಥರು. ತಂಗಿಯನ್ನು ಕೊಡುತ್ತೇನೆ, ಬಳುವಳಿಯಾಗಿ ಸೊಲ್ಲಾಪುರದ ಕೋಟೆಯನ್ನೂ ಅದಕ್ಕೆ ಸೇರಿದ ಐದೂವರೆ ಪರಗಣೆಗಳನ್ನೂ ಕೊಡುತ್ತೇನೆ ಎಂದು ಮಾತಾಯಿತು. ಮದುವೆ ನಡೆಯಿತು. ಮದುಮಗಳು ಅಹಮದನಗರಕ್ಕೆ ಹೋದಳು. ಕೋಟೆ ಹೋಗಲಿಲ್ಲ.

ಸೊಲ್ಲಾಪುರ ಎಂದರೆ ಸುಮ್ಮನೆ ಬಿಟ್ಟುಕೊಡುವ ಊರಲ್ಲ. ಭೀಮೆ, ಸೀನಾ ಹೊಳೆಗಳ ಸೀಮೆಯ ಜೋಳದ ಕಣಜ ಅದು. ಅಹಮದನಗರದಿಂದ ಬಿಜಾಪುರಕ್ಕೆ ಬರುವ ದಂಡು ಅದನ್ನು ದಾಟಿಯೇ ಬರಬೇಕು. ಕೋಟೆಗೆ ಎರಡು ಸುತ್ತಿನ ಗೋಡೆ, ಒಂದು ಮಗ್ಗುಲಿಗೆ ಸಿದ್ಧರಾಮನ ಕೆರೆಯ ನೀರೇ ಕಂದಕ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಊರಿನ ದಾಹಕ್ಕೆಂದು ತೋಡಿಸಿದ ಕೆರೆ ಸುಲ್ತಾನರ ಕೋಟೆಗೆ ಒಂದು ಕಡೆಯ ಕಾವಲಾಯಿತು. ಅದೇ ಊರಿನಲ್ಲಿ ಇನ್ನೊಂದು ಮದುವೆಯೂ ಉಂಟು. ಸಿದ್ಧರಾಮನನ್ನೇ ವರಿಸುತ್ತೇನೆಂದು ಹಟ ಹಿಡಿದ ಕುಂಬಾರರ ಹುಡುಗಿಗೆ, ಯೋಗಿಯಾದ ತಾನು ಮದುವೆಯಾಗಲಾರೆ, ನನ್ನ ಯೋಗದಂಡವನ್ನು ವರಿಸು ಎಂದು ಅವನು ಒಪ್ಪಿಸಿದನಂತೆ. ಪ್ರತಿ ಸಂಕ್ರಾಂತಿಗೆ ಗಡ್ಡಾ ಜಾತ್ರೆಯಲ್ಲಿ ನಂದಿಕೋಲುಗಳ ಮೆರವಣಿಗೆಯೊಂದಿಗೆ ಆ ಲಗ್ನ ಇಂದಿಗೂ ಜರುಗುತ್ತದೆ. ಈ ಬಯಲಿನ ಹೆಸರಾಂತ ಮದುವೆಗಳಲ್ಲಿ ಬಳುವಳಿ ಕೇಳದ್ದು, ಹುಡುಗಿಯೇ ಬೇಕೆಂದು ಹೊರಟದ್ದು ಇದೊಂದೇ ಇರಬೇಕು. ಗಂಡು ಮಾತ್ರ ಒಂದು ಕೋಲು.

ಕೋಟೆ ಬಾರದ್ದಕ್ಕೆ ಮರುವರ್ಷವೇ ಬುರ್ಹಾನ್ ದಂಡೆತ್ತಿ ಬಂದ. ಜೊತೆಗೆ ಬೀದರಿನ ಅಮೀರ್ ಬರೀದ್, ಮುಂದೆ ತಾನೂ ಇದೇ ಮನೆಗೆ ಅಳಿಯನಾಗಲಿದ್ದ ಬೇರಾರಿನ ಅಲಾವುದ್ದೀನ್. ಸೊಲ್ಲಾಪುರದ ಬಳಿ ಇಸ್ಮಾಯಿಲನೇ ಗೆದ್ದ. ಅತ್ತ ಗಂಡನ ಮನೆಯಲ್ಲಿ ಮರಿಯಂಳ ಸ್ಥಿತಿ ಹೇಗಿರಬೇಕು! ಬುರ್ಹಾನನ ಮನಸ್ಸು ಮೊದಲೇ ಅಮೀನಾ ಎಂಬ ನರ್ತಕಿಯ ಮೇಲಿತ್ತು, ಅಂತಃಪುರದ ಯಜಮಾನಿಕೆ ಅವಳದೇ. ತವರಿನಿಂದ ಬಳುವಳಿ ತರದ ರಾಜಕುಮಾರಿ ಸವತಿಯ ಕೈಕೆಳಗೆ ಬಾಳಬೇಕಾಯಿತು. ಕುಣಿಯುವವಳನ್ನು ರಾಜಪುತ್ರಿಯ ತಲೆಯ ಮೇಲೆ ಕೂಡಿಸಿದ್ದೀರಿ ಎಂದು ಇಸ್ಮಾಯಿಲ್ ದೂರಿದ. ತಾನು ಕೊಡಬೇಕಾದ್ದನ್ನು ಕೊಡದವನ ಬಾಯಲ್ಲಿ ಆ ದೂರಿಗೆ ತೂಕವಿರಲಿಲ್ಲ. ಮರಿಯಂಳಿಗೆ ಷಾ ಅಲಿ ಎಂಬ ಮಗ ಹುಟ್ಟಿದ. ಅಮೀನಾಳಿಗೆ ಹುಸೇನ್ ಹುಟ್ಟಿದ.

ಮುಂದಿನ ನಲವತ್ತು ವರ್ಷ ಸೊಲ್ಲಾಪುರಕ್ಕಾಗಿ ನಡೆದ ಕಾಳಗಗಳನ್ನು ಒಂದೊಂದಾಗಿ ಹೇಳುತ್ತ ಹೋದರೆ ಓದುವವರಿಗೆ ಬೇಸರ ಬರುತ್ತದೆ. ಬುರ್ಹಾನ್ ವಿಜಯನಗರದ ರಾಮರಾಯನ ಜೊತೆ ಸೇರಿ ಕಲ್ಯಾಣಿಯನ್ನೂ ಕೊನೆಗೆ ಸೊಲ್ಲಾಪುರವನ್ನೂ ಕಿತ್ತುಕೊಂಡ. 1553ರಲ್ಲಿ ಅವನು ಸತ್ತಾಗ ಪಟ್ಟ ಸಿಕ್ಕಿದ್ದು ಅಮೀನಾಳ ಮಗ ಹುಸೇನನಿಗೆ. ಮರಿಯಂಳ ಮಗ ಷಾ ಅಲಿ ತಾಯಿಯ ತವರಾದ ಬಿಜಾಪುರಕ್ಕೆ ಓಡಿಬಂದ.

1558ರಲ್ಲಿ ಬಿಜಾಪುರದ ಪಟ್ಟವೇರಿದ ಒಂದನೆಯ ಅಲಿ ಆದಿಲಶಾಹ ಕಲ್ಯಾಣಿ, ಸೊಲ್ಲಾಪುರ ಎರಡನ್ನೂ ಮರಳಿ ಕೇಳಿದ. ಹುಸೇನ್ ಕೊಡುವವನಲ್ಲ. ಅಲಿ ಈಗ ತಾನೇ ರಾಮರಾಯನ ಕೈ ಹಿಡಿದ. ರಾಮರಾಯನ ಮಗ ತೀರಿಕೊಂಡಿದ್ದ. ಅಲಿ ನೂರೇ ಮಂದಿ ಸವಾರರೊಂದಿಗೆ ವಿಜಯನಗರಕ್ಕೆ ಹೋಗಿ ಸಾಂತ್ವನ ಹೇಳಿದ. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು. ಮೂರು ದಿನ ಉಪಚಾರವಾಯಿತು. ಹೊರಡುವಾಗ ರಾಮರಾಯ ಕಳಿಸಿಕೊಡಲು ಬರಲಿಲ್ಲ, ಅಲಿ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡ ಎನ್ನುತ್ತಾನೆ ಫೆರಿಷ್ಟಾ. ಫಿರೋಜನ ಕಥೆಯಲ್ಲೂ ಮೂರು ದಿನ, ಇಲ್ಲೂ ಮೂರು ದಿನ; ಅಲ್ಲೂ ಬೀಳ್ಕೊಡುಗೆಯ ಕೊರತೆ, ಇಲ್ಲೂ ಅದೇ. ಒಂದೂವರೆ ಶತಮಾನದ ಅಂತರದಲ್ಲಿ ಇಬ್ಬರು ಸುಲ್ತಾನರಿಗೆ ಒಂದೇ ಅವಮಾನವಾಯಿತೆಂಬುದಕ್ಕಿಂತ, ಯುದ್ಧಕ್ಕೆ ಕಾರಣ ಹುಡುಕುವಾಗ ಚರಿತ್ರಕಾರನ ಕೈಗೆ ಒಂದೇ ಅಚ್ಚು ಸಿಕ್ಕಿತೆಂಬುದನ್ನು ನಂಬುವುದು ನನಗೆ ಸುಲಭ. ನಿಜವಾದ ಕಾರಣ ಬೇರೆ: ರಾಮರಾಯ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ, ಪ್ರತಿ ಸಲವೂ ನಡುವೆ ತಾನು ಸೀಮೆ ಕಸಿದುಕೊಳ್ಳುತ್ತಿದ್ದ. ಇದು ಸುಲ್ತಾನರಿಗೆ ಅರ್ಥವಾಗಲು ಇಷ್ಟು ವರ್ಷ ಹಿಡಿಯಿತು.

ಅರ್ಥವಾದ ಮೇಲೆ ಅವರು ಮಾಡಿದ ಮೊದಲ ಕೆಲಸ ಮದುವೆ. ಗೋಲಕೊಂಡದ ಇಬ್ರಾಹಿಂ ಕುತುಬಶಾಹ ಹುಸೇನನ ಒಬ್ಬ ಮಗಳನ್ನು ಅದಾಗಲೇ ಲಗ್ನವಾಗಿದ್ದ. ಈಗ ಅವನು ನಡುವೆ ನಿಂತು ಬಿಜಾಪುರ, ಅಹಮದನಗರಗಳನ್ನು ಬೆಸೆದ. 1564ರಲ್ಲಿ ಕೊಟ್ಟು ತರುವ ಸಂಬಂಧ ಕುದುರಿತು: ಹುಸೇನನ ಮಗಳು ಚಾಂದ್ ಬೀಬಿ ಅಲಿ ಆದಿಲಶಾಹನಿಗೆ, ಅಲಿಯ ತಂಗಿ ಹದಿಯಾ ಸುಲ್ತಾನಾ ಹುಸೇನನ ಮಗ ಮುರ್ತಜಾನಿಗೆ. ಚಾಂದ್ ಬೀಬಿಯ ಜೊತೆ ಬಳುವಳಿಯಾಗಿ ಬಂದದ್ದು ಸೊಲ್ಲಾಪುರ.

ಮರಿಯಂಳಿಗೆ ಬಿಜಾಪುರ ಕೊಡುತ್ತೇನೆಂದು ಕೊಡದೇ ಉಳಿಸಿಕೊಂಡ ಕೋಟೆ, ಕತ್ತಿಯ ಬಲದಿಂದ ಅಹಮದನಗರಕ್ಕೆ ಹೋಗಿ, ಮರಿಯಂಳ ಸವತಿಯ ಮೊಮ್ಮಗಳ ಉಡಿಯಲ್ಲಿ ಬಿಜಾಪುರಕ್ಕೆ ಮರಳಿತು. ಎರಡು ಮದುವೆಗೂ ಅದೊಂದೇ ಬಳುವಳಿ. ಈ ಸಲ ಮಾತು ನಡೆಯಿತು, ಕೋಟೆ ಕೈಬದಲಾಯಿತು. ಆ ವರ್ಷದ ಕೊನೆಗೆ ಬೀಗರ ದಂಡುಗಳು ಕೂಡಿ ಕೃಷ್ಣೆಯ ಕಡೆಗೆ ನಡೆದವು. 1565ರ ಜನವರಿ 23ರಂದು ರಕ್ಕಸಗಿ ತಂಗಡಗಿಯ ಬಯಲಿನಲ್ಲಿ ರಾಮರಾಯನ ತಲೆ ಉರುಳಿತು. ತಾಳಿಕೋಟೆ ಎಂದು ನಾವು ಶಾಲೆಯಲ್ಲಿ ಓದುವ ಯುದ್ಧದ ಹಿಂದೆ ಹೀಗೆ ಎರಡು ಲಗ್ನದ ಚಪ್ಪರಗಳಿದ್ದವು. ಐದಾರು ತಿಂಗಳಲ್ಲೇ ಹುಸೇನನೂ ಸತ್ತ. ಬೀಗತನದ ಬಿಸಿ ಅವನ ಜೊತೆಗೇ ಆರಿತು.

ಅಲಿಗೂ ಚಾಂದ್ ಬೀಬಿಗೂ ನಡುವೆ ಒಲವಿತ್ತೇ ಎಂದು ಕೇಳುವವರುಂಟು; ಜನಪ್ರಿಯ ಕಥೆಗಳಲ್ಲಿ ಅವಳು ಗಂಡನ ಜೊತೆ ಕುದುರೆಯೇರಿ ಹೋಗುತ್ತಾಳೆ. ಹದಿನಾರು ವರ್ಷದ ದಾಂಪತ್ಯದಲ್ಲಿ ಮಕ್ಕಳಾಗಲಿಲ್ಲ. 1580ರಲ್ಲಿ ಅಲಿ ಅರಮನೆಯಲ್ಲೇ ಕೊಲೆಯಾದ. ಅವಳ ನಿಜವಾದ ಬದುಕು ಶುರುವಾಗುವುದು ಅಲ್ಲಿಂದ.

ಒಂಬತ್ತು ವರ್ಷದ ಇಬ್ರಾಹಿಂ, ಗಂಡನ ತಮ್ಮನ ಮಗ, ಪಟ್ಟಕ್ಕೆ ಬಂದ. ಅವನನ್ನು ಸಾಕುವ ಹೊಣೆ ಚಾಂದ್ ಬೀಬಿಯದು. ಆಡಳಿತ ಹಿಡಿದ ಕಿಶ್ವರ್ ಖಾನ್ ಅವಳನ್ನು ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟ. ಅವನು ಬಿದ್ದ ಮೇಲೆ ಗೌರವದಿಂದ ಮರಳಿದಳು. 1584ರ ಹೊತ್ತಿಗೆ ಇಬ್ರಾಹಿಮನ ತಂಗಿಯನ್ನು ಮುರ್ತಜಾನ ಮಗ ಮೀರಾನ್ ಹುಸೇನನಿಗೆ ಕೊಡುವುದೆಂದಾಯಿತು. ಮದುಮಗಳ ಜೊತೆ ಚಾಂದ್ ಬೀಬಿಯೂ ತವರಿಗೆ ಹೊರಟಳು. ಅಲ್ಲಿ ಮಂತ್ರಿ ಸಲಾಬತ್ ಖಾನ್ ಮತ್ತೆ ಹಳೆಯ ರಾಗ ತೆಗೆದ: ಸೊಲ್ಲಾಪುರವನ್ನು ಬಿಟ್ಟುಕೊಟ್ಟರೆ ಲಗ್ನ. ಹುಡುಗಿ ಬಂದು ಬಿಡಾರ ಮಾಡಿದ್ದಾಳೆ, ಬಳುವಳಿ ತೀರದೆ ಶಾಸ್ತ್ರ ನಡೆಯುತ್ತಿಲ್ಲ. ಬಿಜಾಪುರದ ದಂಡು ಮತ್ತೆ ಹೊರಟಿತು. ಹೇಗೋ ಮದುವೆ ಮುಗಿಯಿತು. 1588ರಲ್ಲಿ ಆ ಮದುಮಗ ತನ್ನ ತಂದೆಯನ್ನೇ ಸ್ನಾನದ ಕೋಣೆಯಲ್ಲಿ ಕೂಡಿ, ಬೆಂಕಿಯ ಕಾವಿನಲ್ಲಿ ಉಸಿರುಗಟ್ಟಿಸಿ ಕೊಂದ. ಮರುವರ್ಷ ತಾನೂ ಕೊಲೆಯಾದ. ಫೆರಿಷ್ಟಾ ಆಗ ಅಲ್ಲೇ ಅರಮನೆಯ ಕಾವಲಿನಲ್ಲಿದ್ದ. ಬಿಜಾಪುರದ ದಾರಿ ಹಿಡಿದದ್ದು ಆ ಹತ್ಯೆಯ ನಂತರ.

ಚಾಂದ್ ಬೀಬಿಯ ಮುಂದಿನ ಕಥೆ ಎಲ್ಲರೂ ಬಲ್ಲದ್ದು, ಚಿಕ್ಕದಾಗಿ ಹೇಳಿದರೆ ಸಾಕು. 1595ರಲ್ಲಿ ಅಕ್ಬರನ ಮಗ ಮುರಾದ್ ಅಹಮದನಗರವನ್ನು ಮುತ್ತಿ ಗೋಡೆಯನ್ನು ಸಿಡಿಮದ್ದಿನಿಂದ ಹಾರಿಸಿದಾಗ, ಮುಖಕ್ಕೆ ಪರದೆ, ಕೈಯಲ್ಲಿ ಕತ್ತಿ ಹಿಡಿದು ಅವಳೇ ಬಿರುಕಿನಲ್ಲಿ ನಿಂತಳು. ರಾತ್ರೋರಾತ್ರಿ ಗೋಡೆ ಮತ್ತೆ ಎದ್ದಿತು. ಬೇರಾರನ್ನು ಬಿಟ್ಟುಕೊಟ್ಟು ಅಹಮದನಗರವನ್ನು ಉಳಿಸಿದಳು. 1600ರಲ್ಲಿ ಇನ್ನೊಬ್ಬ ಮಗ ದಾನಿಯಾಲ್ ಬಂದಾಗ ಉಳಿಯುವ ದಾರಿಯಿಲ್ಲವೆಂದು ಸಂಧಿಯ ಮಾತು ಎತ್ತಿದಳು. ಮೊಗಲರಿಗೆ ಮಾರಿಕೊಂಡಳೆಂದು ಅವಳದೇ ಮಂದಿ ಒಳನುಗ್ಗಿ ಕೊಂದರು. ಕೆಲ ದಿನಗಳಲ್ಲಿ ಕೋಟೆ ದಾನಿಯಾಲನ ವಶವಾಯಿತು.

ಆ ಸಾವಿನಿಂದಲೇ ಮರಿಯಂಳ ವಂಶಕ್ಕೆ ಪಟ್ಟ ಬಂತೆಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಅಹಮದನಗರ ಬಿದ್ದ ಮೇಲೆ ಮಲಿಕ್ ಅಂಬರ್ ಎಂಬ ಹಬಶಿ ದಳವಾಯಿ ಮನೆತನವನ್ನು ಮತ್ತೆ ನಿಲ್ಲಿಸಲು ಒಬ್ಬ ರಾಜಕುಮಾರನನ್ನು ಹುಡುಕಿದ. ಸಿಕ್ಕಿದ್ದು ಬಿಜಾಪುರದಲ್ಲಿ ತಲೆಮರೆಸಿಕೊಂಡಂತೆ ಬದುಕಿದ್ದ ಷಾ ಅಲಿಯ ಮಗ. ಪಟ್ಟ ಕೊಡುತ್ತೇನೆ, ಜೊತೆಗೆ ನನ್ನ ಮಗಳನ್ನೂ ಕೊಡುತ್ತೇನೆ ಎಂದ. ಸೊಲ್ಲಾಪುರದಾಚೆಯ ಪರಂಡಾ ಕೋಟೆಯಲ್ಲಿ ಎರಡನೆಯ ಮುರ್ತಜಾ ಎಂಬ ಹೆಸರಿನಿಂದ ಅವನನ್ನು ಕೂಡಿಸಿದ. ಗುಲಾಮನಾಗಿ ಮಾರಾಟವಾಗಿ ಬಂದವನು ಹೆಣ್ಣು ಕೊಟ್ಟು ಸುಲ್ತಾನನ ಮಾವನಾದ. ಸವತಿಯ ಕೈಕೆಳಗೆ ಬಾಳಿದ ಮರಿಯಂಳ ಮೊಮ್ಮಗ ಅರಸನಾದ. ಮಾವ ಆಳಿದ, ಅಳಿಯ ಸಿಂಹಾಸನದಲ್ಲಿ ಕೂತಿದ್ದ ಎಂಬುದು ಬೇರೆ ಮಾತು.

ಬಿಜಾಪುರಕ್ಕೂ ಮೊಗಲರ ಭಯ ಮುಟ್ಟಿತ್ತು. ಅಕ್ಬರ್ ಸಂಬಂಧ ಕೇಳಿದ. ಇಬ್ರಾಹಿಂ ಇಲ್ಲವೆನ್ನಲಾಗದೆ ದಿನ ನೂಕುತ್ತ ಹೋಗಿ ಕೊನೆಗೆ 1604ರಲ್ಲಿ ಮಗಳನ್ನು ಕಳಿಸಿದ. ವರ ದಾನಿಯಾಲ್, ಚಾಂದ್ ಬೀಬಿ ಕಾದ ಕೋಟೆಯನ್ನು ಗೆದ್ದವನು. ಕುಡಿತದಲ್ಲಿ ಹೆಸರು ಮಾಡಿದವನು. ದಿಬ್ಬಣದ ಜೊತೆ ಕಾವಲಿಗೆ ಹೋದವರಲ್ಲಿ ಫೆರಿಷ್ಟಾನೂ ಒಬ್ಬ. ಭೀಮೆ ದಾಟಿ, ಗೋದಾವರಿಯ ದಂಡೆಯ ಪೈಠಣಕ್ಕೆ ಮುಟ್ಟಿ, ಅಲ್ಲಿ ಲಗ್ನ ಮುಗಿಸಿ, ಬುರ್ಹಾನಪುರದ ತನಕವೂ ಹೋದ. ಇಷ್ಟು ಮದುವೆಗಳನ್ನು ಪುಸ್ತಕದಲ್ಲಿ ನಡೆಸಿಕೊಟ್ಟವನು ಇದೊಂದನ್ನು ಕಾಲ್ನಡಿಗೆಯ ದೂರದಲ್ಲಿ ಕಂಡ. ಆದರೂ ಆ ಹುಡುಗಿಯ ಬಗ್ಗೆ ಅವನ ಬರಹ ಜಿಪುಣ. ದೇವರಾಯನ ಮಗಳ ದಾರಿಗೆ ಹಾಸಿದ ಮಖಮಲ್ಲನ್ನು ಇನ್ನೂರು ವರ್ಷದ ಮೇಲೆ ಕಣ್ಣಾರೆ ಕಂಡಂತೆ ಬಣ್ಣಿಸಿದವನಿಗೆ, ತಾನು ಜೊತೆಗೆ ನಡೆದ ದಿಬ್ಬಣದಲ್ಲಿ ಬಣ್ಣಿಸಲು ಏನೂ ಸಿಗಲಿಲ್ಲ. ಮದುವೆಯಾದ ಮರುವರ್ಷ, 1605ರಲ್ಲಿ, ಬುರ್ಹಾನಪುರದಲ್ಲಿ ದಾನಿಯಾಲ್ ಕುಡಿದು ಸತ್ತ.

ಸೊಲ್ಲಾಪುರ ಆಮೇಲೂ ಕೈಬದಲಾಗುತ್ತಲೇ ಇತ್ತು. ಮಲಿಕ್ ಅಂಬರ್ ಒಮ್ಮೆ ಹಿಡಿದ. 1636ರ ಒಪ್ಪಂದದಲ್ಲಿ ಷಾಜಹಾನ್ ಅದನ್ನು ಬಿಜಾಪುರಕ್ಕೆ ಬಿಟ್ಟ. 1668ರಲ್ಲಿ ಬಿಜಾಪುರ ಅದನ್ನು ಔರಂಗಜೇಬನಿಗೆ ಒಪ್ಪಿಸಿತು. ಹೀಗಾಗಿ ಕೊನೆಯ ಮದುವೆಯ ಹೊತ್ತಿಗೆ ಕೊಡಲು ಕೋಟೆಯೇ ಉಳಿದಿರಲಿಲ್ಲ.

ಆ ಮದುವೆ ಎರಡನೆಯ ಅಲಿ ಆದಿಲಶಾಹನ ಮಗಳು, ಬಾಲಕ ಸಿಕಂದರನ ಸೋದರಿ ಷಹರ್ ಬಾನುವಿನದು. ಊರು ಅವಳನ್ನು ಪಾದಶಾಹ ಬೀಬಿ ಎಂದು ಕರೆಯುತ್ತಿತ್ತು. ಅವಳನ್ನು ಕಳಿಸಿದರೆ ಊರು ಉಳಿದೀತೆಂದು 1679ರ ಜುಲೈ 1ರಂದು ಮೊಗಲರ ಬಿಡಾರಕ್ಕೆ ಬೀಳ್ಕೊಟ್ಟರು. ಮಂದಿ ಬೀದಿಯಲ್ಲಿ ನಿಂತು ಅತ್ತರು. ಅವಳು ಹೋದ ಮೇಲೂ ಮೊಗಲರ ದಂಡನಾಯಕ ದಿಲೇರ್ ಖಾನ್ ಸುಮ್ಮನಾಗಲಿಲ್ಲ. ಕೆಲವೇ ತಿಂಗಳಲ್ಲಿ ಊರ ಗೋಡೆಗೆ ಬಂದು ನಿಂತ. 1681ರಲ್ಲಿ ಔರಂಗಜೇಬನ ಮಗ ಆಜಂನ ಜೊತೆ ಅವಳ ಲಗ್ನವಾಯಿತು. 1685ರ ಏಪ್ರಿಲ್‌ನಲ್ಲಿ ಬಿಜಾಪುರಕ್ಕೆ ಮುತ್ತಿಗೆ ಬಿತ್ತು. ಬಾದಶಹ ಸೊಲ್ಲಾಪುರದಲ್ಲಿ ಬಿಡಾರ ಮಾಡಿ ಒಂದು ವರ್ಷ ಅಲ್ಲಿಂದಲೇ ನೋಡಿಕೊಂಡ, ಕೊನೆಗೆ ತಾನೇ ಬಂದ. 1686ರ ಸೆಪ್ಟೆಂಬರ್ 12ರಂದು ಸಿಕಂದರ್ ಕೋಟೆಯಿಂದ ಹೊರಬಂದು ಶರಣಾದ. ಅವನ ಊರನ್ನು ಅಷ್ಟೂ ಕಾಲ ಮುತ್ತಿ, ಹಸಿವಿಗೂ ಬರಕ್ಕೂ ಜಗ್ಗದೆ ಕಂದಕದಂಚಿನಲ್ಲಿ ಕೂತಿದ್ದ ಸೇನಾಪತಿ ಬೇರೆ ಯಾರೂ ಅಲ್ಲ, ಆಜಂ, ಅವನ ಸೋದರಿಯ ಗಂಡ.